ಬೋರಿಸ್ ಜಾನ್ಸನ್ ಸಂಪುಟ, ಬ್ರೆಕ್ಸಿಟ್ ಮತ್ತು ಜನರ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

2019ರ ಜುಲೈ 24ರ ಸಂಜೆ ಬ್ರಿಟನ್ನಿನ ಹೊಸ ಪ್ರಧಾನಿ ಬೋರಿಸ್ ಜಾನ್ಸನ್ ತಮ್ಮ ಸಂಪುಟ ಕಟ್ಟಿದರು. ನಾನಿರುವುದು ಲಂಡನ್ನಿಗೆ ಪಶ್ಚಿಮದ ರೆಡಿಂಗ್ ಊರಿನಲ್ಲಿ. ಹಾಸನದ ಚಿಕ್ಕಪ್ಪ, ಮೈಸೂರಿನ ಗೆಳತಿ, ಇಲ್ಲಿನ ಯುಗಾದಿ ಊಟದಲ್ಲಿ ಪಕ್ಕ ಕೂತವರು, ಆಮೇಲೆ ಪತ್ರ ಬರೆದವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳಿದ್ದಾರೆ. ಅವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಸಿಕ್ಕು ಜಾಸ್ತಿ ಇರುವುದು ಆಮೇಲೆ. ನನ್ನ ಅಭಿಪ್ರಾಯವನ್ನು ಮುಚ್ಚಿಟ್ಟಿಲ್ಲ. ಆ ಪಟ್ಟಿಯಲ್ಲಿ ಯಾರ ಹೆಸರಿತ್ತು ಅನ್ನುವುದಕ್ಕಿಂತ, ಅವರೆಲ್ಲ ಯಾವ ಷರತ್ತಿಗೆ ಒಪ್ಪಿ ಒಳಗೆ ಹೋದರು ಅನ್ನುವುದೇ ನನಗೆ ದೊಡ್ಡದಾಗಿ ಕಂಡಿತು. ಒಪ್ಪಂದ ಆಗದಿದ್ದರೂ ಸರಿ, ಅಕ್ಟೋಬರ್ 31ಕ್ಕೆ ಐರೋಪ್ಯ ಒಕ್ಕೂಟ ಬಿಡಲೇಬೇಕು, ಅಂದರೆ ಬ್ರೆಕ್ಸಿಟ್ ಆಗಲೇಬೇಕು ಅನ್ನುವುದು ಆ ಷರತ್ತು.

## ಮೊದಲು ತಿಳಿಯಬೇಕಾದ್ದು

ಚುನಾವಣೆನೇ ಆಗಲಿಲ್ಲ, ಹೊಸ ಪ್ರಧಾನಿ ಎಲ್ಲಿಂದ ಬಂದ್ರು?

ನಮ್ಮ ದೇಶದಲ್ಲಿ ಇರುವ ಹಾಗೆ ಇಲ್ಲೂ ಜನ ಆರಿಸುವುದು ಸಂಸದರನ್ನು. ಕೆಳಮನೆಯಲ್ಲಿ ಯಾರ ಕಡೆ ಬಲ ಇದೆಯೋ ಆ ಪಕ್ಷದ ನಾಯಕ ಪ್ರಧಾನಿ ಆಗುತ್ತಾರೆ. ಪಕ್ಷ ನಡುವೆಯೇ ನಾಯಕರನ್ನು ಬದಲಿಸಿದರೆ ಪ್ರಧಾನಿಯೂ ಬದಲಾಗುತ್ತಾರೆ. ಆಗಿನ ಪ್ರಧಾನಿ ತೆರೇಸಾ ಮೇ 2019ರ ಮೇ 24ರಂದು ತಾವು ಇಳಿಯುವುದಾಗಿ ಹೇಳಿದರು. 10 ಮಂದಿ ಕಣಕ್ಕೆ ಬಂದರು. ಕನ್ಸರ್ವೇಟಿವ್ ಸಂಸದರು ಸುತ್ತು ಸುತ್ತಾಗಿ ಓಟು ಹಾಕಿ ಬೋರಿಸ್ ಜಾನ್ಸನ್ ಮತ್ತು ಜೆರೆಮಿ ಹಂಟ್ ಇಬ್ಬರನ್ನು ಉಳಿಸಿದರು. ಕೊನೆಯ ತೀರ್ಮಾನ ಪಕ್ಷದ ಸುಮಾರು 1.6 ಲಕ್ಷ ಸದಸ್ಯರದ್ದು. ಜುಲೈ 23ರಂದು ಎಣಿಕೆ ಆದಾಗ ಜಾನ್ಸನ್‌ಗೆ 92,153 ಓಟು, ಹಂಟ್‌ಗೆ 46,656.

ಆರೂವರೆ ಕೋಟಿಗೂ ಜಾಸ್ತಿ ಜನರಿರುವ ದೇಶ ಇದು. ಅದರ ಪ್ರಧಾನಿಯನ್ನು ಒಂದು ಲಕ್ಷಕ್ಕಿಂತ ಕಡಿಮೆ ಓಟು ತೀರ್ಮಾನಿಸಿತು. ಸಂಪುಟದ ಬಗ್ಗೆ ಜನ ಆಡಿದ ಮಾತಿನಲ್ಲಿ ಅರ್ಧ ಸಿಟ್ಟು ಇಲ್ಲಿಂದಲೇ ಹುಟ್ಟಿದ್ದು. ನಿಯಮ ಹಾಗೇ ಇದೆ, ನಿಜ. ಆದರೂ ದೇಶದ ದಿಕ್ಕನ್ನೇ ಬದಲಿಸುವ ಹೊತ್ತಿನಲ್ಲಿ ತಮ್ಮನ್ನು ಯಾರೂ ಕೇಳಲಿಲ್ಲ ಅನ್ನುವ ನೋವು ಸುಳ್ಳಲ್ಲ.

ಬ್ರೆಕ್ಸಿಟ್‌ಗೆ ಓಟು ಹಾಕಿದ್ದು 2016ರಲ್ಲಿ. ಮೂರು ವರ್ಷ ಯಾಕೆ ಎಳೆದಾಡಿದ್ರು?

2016ರ ಜೂನ್ 23ರ ಜನಮತದಲ್ಲಿ ಐರೋಪ್ಯ ಒಕ್ಕೂಟ ಬಿಡೋಣ ಅಂದವರು ಶೇ 51.9, ಇರೋಣ ಅಂದವರು ಶೇ 48.1. ಬಿಡಬೇಕು ಅನ್ನುವುದು ಇತ್ಯರ್ಥವಾಯಿತು. ಹೇಗೆ ಬಿಡಬೇಕು ಅನ್ನುವ ಪ್ರಶ್ನೆ ಮತಚೀಟಿಯಲ್ಲಿ ಇರಲೇ ಇಲ್ಲ.

ತೆರೇಸಾ ಮೇ ಒಕ್ಕೂಟದ ಜೊತೆ ಒಂದು ಒಪ್ಪಂದ ಮಾಡಿಕೊಂಡು ತಂದರು. ಸಂಸತ್ತು ಅದನ್ನು ಮೂರು ಸಲ ತಿರಸ್ಕರಿಸಿತು. ಮೊದಲ ಸಲ, 2019ರ ಜನವರಿ 15ರಂದು, 432–202. ಆಳುವ ಸರ್ಕಾರ 230 ಓಟಿನಿಂದ ಸೋತಿತು. ಹೆಚ್ಚು ಜಗಳ ಆದದ್ದು ಐರ್ಲೆಂಡ್ ಗಡಿಯ ಬಗ್ಗೆ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಪಕ್ಕದ ಐರ್ಲೆಂಡ್ ಬೇರೆ ದೇಶ. ನಡುವೆ ಸುಮಾರು 500 ಕಿ.ಮೀ. ಗಡಿ. 1998ರ ಶಾಂತಿ ಒಪ್ಪಂದ ಆದ ಮೇಲೆ ಅಲ್ಲಿ ತಪಾಸಣೆ ಇಲ್ಲದೆ ಜನ ಓಡಾಡಿಕೊಂಡಿದ್ದರು. ಬ್ರಿಟನ್ ಹೊರಬಂದರೆ ಅಲ್ಲಿ ಮತ್ತೆ ಗೇಟು ಹಾಕಬೇಕಾ? ಯಾರೂ ಒಪ್ಪುವ ಉತ್ತರ ಸಿಗಲಿಲ್ಲ. ಮಾರ್ಚ್‌ನಲ್ಲಿ ಮುಗಿಯಬೇಕಿದ್ದ ಗಡುವು ಏಪ್ರಿಲ್‌ಗೆ ಹೋಯಿತು, ಆಮೇಲೆ ಅಕ್ಟೋಬರ್ 31ಕ್ಕೆ. ಏನೇ ಆದರೂ ಅಕ್ಟೋಬರ್ 31ಕ್ಕೆ ಹೊರಬರುತ್ತೇವೆ ಅನ್ನುವ ಮಾತಿನ ಮೇಲೆ ಜಾನ್ಸನ್ ಗೆದ್ದರು.

ಯಾರು ಮಂತ್ರಿ ಆಗ್ತಾರೆ ಅಂತ ಪೇಪರ್‌ನೋರಿಗೆ ಮೊದಲೇ ಹೇಗೆ ಗೊತ್ತಾಗತ್ತೆ?

ನಮ್ಮಲ್ಲಿ 'ಸಂಭಾವ್ಯ ಸಚಿವರ ಪಟ್ಟಿ' ಬರುತ್ತದಲ್ಲ, ಇಲ್ಲೂ ಹಾಗೇ. ಹೊಸ ನಾಯಕರ ಕಡೆಯವರೇ ಒಂದಿಷ್ಟು ಹೆಸರು ಹೊರಗೆ ಬಿಡುತ್ತಾರೆ. ಜನ ಏನಂತಾರೆ ನೋಡೋಣ ಅನ್ನುವ ಲೆಕ್ಕವೂ ಇರುತ್ತದೆ. ಆ ಜುಲೈನಲ್ಲಿ ಸಾಜಿದ್ ಜಾವಿದ್‌ಗೆ ಹಣಕಾಸು, ಪ್ರೀತಿ ಪಟೇಲ್ ವಾಪಸ್ ಅನ್ನುವ ಮಾತು ಮೊದಲೇ ಓಡಾಡುತ್ತಿತ್ತು. 'ಇದು ಆಧುನಿಕ ಬ್ರಿಟನ್ನಿನ ಸಂಪುಟ' ಅನ್ನುವ ಮಾತನ್ನೂ ಜಾನ್ಸನ್ ಕಡೆಯವರು ಪಟ್ಟಿಗೆ ಮುಂಚೆಯೇ ತೇಲಿಬಿಟ್ಟಿದ್ದರು.

ಆ ಸಲದ ವಿಶೇಷ ಅಂದರೆ, ಯಾರು ಬರುವುದಿಲ್ಲ ಅನ್ನುವುದೂ ಮೊದಲೇ ಗೊತ್ತಾಗಿತ್ತು. ಹಣಕಾಸು ಸಚಿವ ಫಿಲಿಪ್ ಹ್ಯಾಮಂಡ್ ಹಿಂದಿನ ಭಾನುವಾರವೇ ಟಿವಿಯಲ್ಲಿ ಕೂತು, ಜಾನ್ಸನ್ ಗೆದ್ದರೆ ತಾನು ರಾಜೀನಾಮೆ ಕೊಡುತ್ತೇನೆ ಎಂದರು. ಒಪ್ಪಂದ ಇಲ್ಲದೆ ಹೊರಬರುವುದಕ್ಕೆ ತಲೆಯಾಡಿಸಲು ಅವರು ಸಿದ್ಧರಿರಲಿಲ್ಲ. ಇನ್ನಿಬ್ಬರು ಸಚಿವರಾದ ಡೇವಿಡ್ ಗೋಕ್, ರೋರಿ ಸ್ಟುವರ್ಟ್ ಕೂಡ ಹಾಗೇ ಹೊರನಡೆದರು. ಕೆಲಸ ಕಳೆದುಕೊಳ್ಳುವ ಮೊದಲು ತಾವೇ ಬಿಟ್ಟರು ಎಂದು ಕೆಲವರು ಹಗುರವಾಗಿ ಮಾತಾಡಿದರು. ನನಗೆ ಹಾಗನಿಸಲಿಲ್ಲ. ದೊಡ್ಡ ಖಾತೆಯನ್ನು ಒಂದು ಅಭಿಪ್ರಾಯಕ್ಕಾಗಿ ಬಿಟ್ಟವರ ಮೇಲೆ ಗೌರವ ಮೂಡಿತು.

ನಮ್ಮಲ್ಲಿ ಸಂಪುಟ ಕಟ್ಟೋಕೆ ವಾರಗಟ್ಟಲೆ ಬೇಕು. ಅಲ್ಲಿ ಒಂದೇ ಸಂಜೆಗೆ ಹೇಗೆ ಮುಗೀತು?

ಇದನ್ನು ಕೇಳಿದವರು ಹಾಸನದ ಚಿಕ್ಕಪ್ಪ. ಅವರು ಕೇಳಿದ್ದಕ್ಕೆ ಕಾರಣವೂ ಇತ್ತು. ಜಾನ್ಸನ್ ಗೆದ್ದ ಅದೇ ಜುಲೈ 23ರಂದು ಬೆಂಗಳೂರಿನಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಿಂದ ವಿಶ್ವಾಸಮತ ಸೋತಿತು. ಜುಲೈ 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಮೊದಲ 17 ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ನಡುವೆ ಉತ್ತರ ಕರ್ನಾಟಕ, ಕೊಡಗು, ಮಲೆನಾಡಲ್ಲಿ ನೆರೆ ಬಂದಿತ್ತು. ಮುಖ್ಯಮಂತ್ರಿ ಒಬ್ಬರೇ ಓಡಾಡುತ್ತಿದ್ದರು.

ಇಲ್ಲಿ ಪ್ರಧಾನಿ ಯಾವ ಹೈಕಮಾಂಡನ್ನೂ ಕೇಳಬೇಕಿಲ್ಲ. ಜಿಲ್ಲೆಗೊಂದು, ಸಮುದಾಯಕ್ಕೊಂದು ಅನ್ನುವ ಒತ್ತಡ ಇಲ್ಲವೇ ಇಲ್ಲ ಎನ್ನಲಾರೆ, ಆದರೆ ನಮ್ಮಷ್ಟಿಲ್ಲ. ಖಾತೆಯನ್ನು ಹೆಸರಿನ ಜೊತೆಗೇ ಹೇಳಿಬಿಡುತ್ತಾರೆ. ಒಂದು ಪದ್ಧತಿ ಹೇಳಲೇಬೇಕು. ತೆಗೆಯಬೇಕಾದವರನ್ನು ಪ್ರಧಾನಿ ಸಂಸತ್ತಿನೊಳಗಿನ ತಮ್ಮ ಕೋಣೆಗೆ ಕರೆಸಿ ಹೇಳುತ್ತಾರೆ, ಅಲ್ಲಿ ಕ್ಯಾಮೆರಾ ಇರುವುದಿಲ್ಲ. ಮಂತ್ರಿ ಆದವರು ಮಾತ್ರ ಡೌನಿಂಗ್ ಸ್ಟ್ರೀಟ್‌ನ 10ನೇ ನಂಬರಿನ ಕಪ್ಪು ಬಾಗಿಲ ತನಕ ನಡೆದು ಬರುತ್ತಾರೆ. ಯಾರು ಆ ಬೀದಿಯಲ್ಲಿ ನಡೆದರು ಅನ್ನುವುದನ್ನು ನೋಡಿಯೇ ಜನ ಪಟ್ಟಿ ಬರೆದುಕೊಳ್ಳುತ್ತಾರೆ.

ಕೊನೆಗೆ ಯಾರು ಬಂದ್ರು, ಯಾರು ಹೋದ್ರು?

ತೆರೇಸಾ ಮೇ ಸಂಪುಟದ ಅರ್ಧಕ್ಕೂ ಜಾಸ್ತಿ ಜನ ಹೊರಗಾದರು. ಎದುರಾಳಿ ಹಂಟ್ ವಿದೇಶಾಂಗ ಖಾತೆಯಲ್ಲೇ ಇರಬೇಕೆಂದಿದ್ದರು. ರಕ್ಷಣಾ ಖಾತೆ ಕೊಡುತ್ತೇವೆ ಎಂದಾಗ ಬೇಡ ಎಂದು ಹೊರನಡೆದರು. ಬ್ರೆಕ್ಸಿಟ್ ಪರವೇ ಇದ್ದ ಪೆನಿ ಮೊರ್ಡಂಟ್, ಲಿಯಮ್ ಫಾಕ್ಸ್ ಅವರನ್ನೂ ಕೈಬಿಟ್ಟರು. ಇಬ್ಬರೂ ಹಂಟ್ ಪರ ನಿಂತಿದ್ದವರು.

ಸಾಜಿದ್ ಜಾವಿದ್ ಹಣಕಾಸು, ಡಾಮಿನಿಕ್ ರಾಬ್ ವಿದೇಶಾಂಗ, ಪ್ರೀತಿ ಪಟೇಲ್ ಗೃಹ. ಮೈಕಲ್ ಗೋವ್‌ಗೆ ಒಪ್ಪಂದ ಇಲ್ಲದ ಬ್ರೆಕ್ಸಿಟ್‌ಗೆ ಸಿದ್ಧತೆ ಮಾಡುವ ಹೊಣೆ. ಬೆನ್ ವ್ಯಾಲೇಸ್ ರಕ್ಷಣೆ, ಲಿಜ್ ಟ್ರಸ್ ವಿದೇಶಿ ವ್ಯಾಪಾರ, ಅಲೋಕ್ ಶರ್ಮಾ ಅಂತರರಾಷ್ಟ್ರೀಯ ಅಭಿವೃದ್ಧಿ. ಜೇಕಬ್ ರೀಸ್-ಮಾಗ್ ಕೆಳಮನೆಯ ಕಲಾಪ ನಡೆಸುವ ಸಚಿವ. ಹಿಂದಿನವರಲ್ಲಿ ಆಂಬರ್ ರಡ್, ಮ್ಯಾಟ್ ಹ್ಯಾನ್ಕಾಕ್, ಸ್ಟೀಫನ್ ಬಾರ್ಕ್ಲೇ ಮೊದಲಾದ ಕೆಲವರು ಉಳಿದರು.

## ಜನ ಏನಂದರು

ಪಟ್ಟಿ ನೋಡಿ ಜನ ಸಿಟ್ಟಾದ್ರಾ, ಖುಷಿಯಾದ್ರಾ?

ಎರಡೂ. ಒಂದೇ ಮನೆಯಲ್ಲಿ ಎರಡೂ.

ಜಾನ್ಸನ್ ರಾಣಿಯನ್ನು ಕಾಣಲು ಅರಮನೆಗೆ ಹೋಗುತ್ತಿದ್ದಾಗ ಗ್ರೀನ್‌ಪೀಸ್ ಕಾರ್ಯಕರ್ತರು ಕೈ ಕೈ ಹಿಡಿದು ಅವರ ಕಾರಿಗೆ ಅಡ್ಡ ನಿಂತರು. ಸಂಜೆ ಲಂಡನ್ನಿನಲ್ಲಿ ಮೆರವಣಿಗೆ ನಡೆಯಿತು. ಮರುದಿನ ಜುಲೈ 25. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಕಂಡಿರದ ಬಿಸಿಲು. ಕೇಂಬ್ರಿಜ್‌ನಲ್ಲಿ 38.7 ಡಿಗ್ರಿ. ಹಳಿ ಕಾಯ್ದು ಬಗ್ಗೀತೆಂದು ರೈಲುಗಳನ್ನು ನಿಧಾನವಾಗಿ ಓಡಿಸುತ್ತಿದ್ದರು. ನಮ್ಮ ಆಫೀಸಿನ ಅಡುಗೆಕೋಣೆಯಲ್ಲಿ ಒಂದೇ ಒಂದು ಟೇಬಲ್ ಫ್ಯಾನು. ಅದರ ಮುಂದೆ ಇಬ್ಬರು ಸಹೋದ್ಯೋಗಿಗಳು ನಿಂತಿದ್ದರು. ಇಬ್ಬರೂ ಐವತ್ತು ದಾಟಿದವರು, ಹತ್ತು ವರ್ಷದಿಂದ ಒಟ್ಟಿಗೆ ಟೀ ಕುಡಿಯುವವರು. ಒಬ್ಬರು, ಕೊನೆಗೂ ಒಂದೇ ಮಾತಿನ ತಂಡ ಬಂತು, ಇನ್ನು ಕೆಲಸ ಆಗುತ್ತೆ ಎಂದರು. ಇನ್ನೊಬ್ಬರು ಏನೂ ಹೇಳದೆ ತಮ್ಮ ಕಪ್ಪು ತೊಳೆದಿಟ್ಟು ಹೊರಗೆ ಹೋದರು. ಆ ವಾರವೆಲ್ಲ ಅವರಿಬ್ಬರು ಒಟ್ಟಿಗೆ ಕೂತದ್ದನ್ನು ನಾನು ನೋಡಲಿಲ್ಲ.

ಬ್ರೆಕ್ಸಿಟ್ ಬೇಕು ಅಂದೋರಿಗೆ ಈ ಸಂಪುಟ ಯಾಕೆ ಅಷ್ಟು ಇಷ್ಟ ಆಯ್ತು?

ಅವರ ಜಾಗದಲ್ಲಿ ನಿಂತು ನೋಡಿ. 1.74 ಕೋಟಿ ಜನ ಓಟು ಹಾಕಿ ಗೆದ್ದಿದ್ದಾರೆ. ಮೂರು ವರ್ಷ ಆದರೂ ಏನೂ ಆಗಿಲ್ಲ. ಪ್ರಧಾನಿ ಮೇ, ಹಣಕಾಸು ಸಚಿವ ಹ್ಯಾಮಂಡ್, ಇಬ್ಬರೂ 2016ರಲ್ಲಿ ಒಕ್ಕೂಟದಲ್ಲೇ ಇರೋಣ ಅಂದಿದ್ದವರು. ಮನಸ್ಸಿಲ್ಲದವರ ಕೈಗೆ ಕೆಲಸ ಕೊಟ್ಟರೆ ಹೀಗೇ ಆಗುವುದು ಎಂದು ಅವರಿಗೆ ಅನಿಸಿತ್ತು.

2019ರ ಮೇ ತಿಂಗಳ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಅದು ಕಣ್ಣಿಗೆ ಕಂಡಿತು. ನೈಜೆಲ್ ಫರಾಜ್ ಅವರ ಬ್ರೆಕ್ಸಿಟ್ ಪಕ್ಷ ಹುಟ್ಟಿ ಕೆಲವೇ ತಿಂಗಳಾಗಿತ್ತು. ಅದು ಮೊದಲ ಸ್ಥಾನಕ್ಕೆ ಬಂತು. ಆಳುವ ಕನ್ಸರ್ವೇಟಿವ್ ಪಕ್ಷ ಐದನೇ ಸ್ಥಾನಕ್ಕೆ ಬಿತ್ತು, ಓಟು ಶೇ 10ರ ಒಳಗೆ. ಜಾನ್ಸನ್ ಪಟ್ಟಿ ಆ ಓಟುದಾರರಿಗೆ ಬರೆದ ಕಾಗದದ ಹಾಗಿತ್ತು: ವಾಪಸ್ ಬನ್ನಿ, ಈ ಸಲ ಮಾಡೇ ತೀರುತ್ತೇವೆ. ನಾನು ಅವರ ಕಡೆಯವಳಲ್ಲ. ಆದರೂ ಆ ಜನರ ಖುಷಿಯನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ.

ಬೇಡ ಅಂದೋರಿಗೆ ಅಷ್ಟೊಂದು ಭಯ ಯಾಕೆ?

ಭಯ ಇದ್ದದ್ದು 'ನೋ ಡೀಲ್' ಬಗ್ಗೆ. ಒಪ್ಪಂದವೇ ಇಲ್ಲದೆ ಒಂದು ಮಧ್ಯರಾತ್ರಿ ಹೊರಬಂದರೆ, 40 ವರ್ಷಕ್ಕೂ ಮೀರಿದ ಸಂಬಂಧದ ನಿಯಮಗಳೆಲ್ಲ ಬೆಳಗಾಗುವುದರೊಳಗೆ ಬದಲು. ಸರ್ಕಾರದ್ದೇ ಒಂದು ಕಡತ ಆಗಸ್ಟ್‌ನಲ್ಲಿ ಸೋರಿಕೆ ಆಯಿತು. ಹೆಸರು 'ಆಪರೇಷನ್ ಯೆಲ್ಲೋಹ್ಯಾಮರ್'. ಫ್ರಾನ್ಸ್ ಕಡೆಗೆ ಇಂಗ್ಲಿಷ್ ಕಡಲ್ಗಾಲುವೆ ದಾಟುವ ಲಾರಿಗಳು ಒಂದೂವರೆಯಿಂದ ಎರಡೂವರೆ ದಿನ ಕಾಯಬೇಕಾಗಬಹುದು, ಔಷಧಿ ತಡವಾಗಬಹುದು, ಕೆಲವು ತಾಜಾ ಆಹಾರ ಕಡಿಮೆಯಾಗಬಹುದು ಎಂದು ಅದರಲ್ಲಿತ್ತು. ಕೆಟ್ಟದ್ದಾದರೆ ಹೀಗಾಗಬಹುದು ಅನ್ನುವ ಅಂದಾಜು ಅದು, ಹಾಗೇ ಆಗುತ್ತದೆ ಎಂದಲ್ಲ. ಆದರೆ ಮಾತ್ರೆ ನುಂಗಿಯೇ ಬದುಕುವವರಿಗೆ ಆ ವ್ಯತ್ಯಾಸ ಸಮಾಧಾನ ಕೊಡುವುದಿಲ್ಲ.

ನನ್ನ ಪಕ್ಕದ ಮನೆಯವರು ಪೋಲೆಂಡ್‌ನವರು. 2004ರಿಂದ ಇಲ್ಲೇ ಇದ್ದಾರೆ, ಇಬ್ಬರು ಮಕ್ಕಳೂ ಇಲ್ಲೇ ಹುಟ್ಟಿದ್ದು. ಅಂಥವರು ಇಲ್ಲೇ ಇರಲು 'ಸೆಟಲ್ಡ್ ಸ್ಟೇಟಸ್'ಗೆ ಅರ್ಜಿ ಹಾಕಬೇಕಿತ್ತು. ಪಾಸ್‌ಪೋರ್ಟ್ ಓದುವ ಆ್ಯಪ್ ಆಗ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನಡೆಯುತ್ತಿತ್ತು. ಐಫೋನಿಗೆ ಅದು ಬಂದದ್ದು ಅಕ್ಟೋಬರ್‌ನಲ್ಲಿ. ಅವರದು ಐಫೋನ್. ಸಂಪುಟ ರಚನೆಯಾದ ವಾರಾಂತ್ಯ ನಮ್ಮ ಮನೆಗೆ ಬಂದು ನನ್ನ ಫೋನ್ ಕೇಳಿದರು. ಪಾಸ್‌ಪೋರ್ಟನ್ನು ಊಟದ ಮೇಜಿನ ಮೇಲೆ ಮಗುಚಿಟ್ಟು, ಮೇಲೆ ಫೋನ್ ಇಟ್ಟು, ಕಾದೆವು. ಎರಡು ಸಲ ಓದಲಿಲ್ಲ. ಮೂರನೇ ಸಲ ಹಸಿರು ಗುರುತು ಬಂತು. ಆಕೆ ಕಣ್ಣೊರೆಸಿಕೊಂಡರು. ಹೊಸ ಪ್ರಧಾನಿ ಮೊದಲ ಭಾಷಣದಲ್ಲೇ ನಿಮ್ಮಂಥವರು ಇಲ್ಲೇ ಇರಬಹುದು ಎಂದು ಹೇಳಿದ್ದರು, ಅದನ್ನು ನಾನು ನೆನಪಿಸಿದೆ. 'ಇಷ್ಟು ವರ್ಷ ಯಾರಾದರೂ ಹಾಗೆ ಹೇಳಬೇಕಿತ್ತಾ?' ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಕಾಟ್ಲೆಂಡ್‌ನೋರು ಏನಂದ್ರು?

ಅಲ್ಲಿ ಶೇ 62 ಜನ ಒಕ್ಕೂಟದಲ್ಲಿ ಇರೋಣ ಎಂದಿದ್ದರು. ಸ್ಕಾಟ್ಲೆಂಡ್ ಸಚಿವ ಡೇವಿಡ್ ಮಂಡೆಲ್ ಅವರನ್ನು ತೆಗೆದದ್ದು ಅಲ್ಲಿನ ಕನ್ಸರ್ವೇಟಿವ್ ಪಕ್ಷದವರಿಗೇ ಹಿಡಿಸಲಿಲ್ಲ. ಜುಲೈ 29ರಂದು ಜಾನ್ಸನ್ ಎಡಿನ್‌ಬರೋಗೆ ಹೋಗಿ, ಅಲ್ಲಿನ ಸರ್ಕಾರ ನಡೆಸುತ್ತಿದ್ದ ನಿಕೊಲಾ ಸ್ಟರ್ಜನ್ ಅವರನ್ನು ಕಂಡಾಗ ಹೊರಗೆ ಸೇರಿದ್ದ ಜನ ಕೂಗಿದರು. ವಾಪಸ್ ಹೊರಡುವಾಗ ಅವರು ಹಿಂಬಾಗಿಲಿನಿಂದ ಹೋದರು.

ಪೌಂಡ್ ಬಿತ್ತು ಅಂತಿದ್ರಲ್ಲ, ಊರಿಗೆ ದುಡ್ಡು ಕಳಿಸೋರಿಗೆ ಏನಾಯ್ತು?

ಸಂಪುಟ ಬಂದ ವಾರದೊಳಗೆ ಪೌಂಡ್ 1.21 ಡಾಲರ್ ಆಸುಪಾಸಿಗೆ ಇಳಿಯಿತು. ಎರಡು ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಅಷ್ಟು ಕೆಳಗೆ ಹೋಗಿರಲಿಲ್ಲ. ಒಪ್ಪಂದ ಇಲ್ಲದೆ ಹೊರಬರುವುದು ಬರೀ ಬೆದರಿಕೆಯಲ್ಲ ಎಂದು ಮಾರುಕಟ್ಟೆ ನಂಬತೊಡಗಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಜನಮತಕ್ಕೆ ಮುಂಚೆ ಒಂದು ಪೌಂಡಿಗೆ 100 ರೂಪಾಯಿ ಹತ್ತಿರ ಸಿಗುತ್ತಿತ್ತು. ಆ ಜುಲೈ ಕೊನೆಗೆ 84ರ ಆಸುಪಾಸು. ಊರಲ್ಲಿ ಮನೆ ಸಾಲ ಕಟ್ಟುತ್ತಿದ್ದವರಿಗೆ ಪ್ರತಿ ತಿಂಗಳೂ ಇದು ತಟ್ಟಿತು. ಅದೇ ಹೊತ್ತಿಗೆ ಬೆಂಗಳೂರಿನಿಂದ ಇಲ್ಲಿ ಫೀಸು ಕಟ್ಟುವ ತಂದೆತಾಯಿಗೆ ಸ್ವಲ್ಪ ಉಸಿರು ಬಂತು.

## ನಮ್ಮವರು, ನಮಗೆ ಸಂಬಂಧಪಟ್ಟದ್ದು

ಭಾರತೀಯ ಮೂಲದೋರು ಮೂರು ಜನ ಬಂದ್ರಲ್ಲ, ಹೆಮ್ಮೆ ಅಲ್ವಾ?

ಹೆಮ್ಮೆ ಆಯಿತು, ಸುಳ್ಳು ಹೇಳುವುದಿಲ್ಲ. ಪ್ರೀತಿ ಪಟೇಲ್ ಅವರ ತಂದೆತಾಯಿ ಉಗಾಂಡದಿಂದ ಬಂದ ಗುಜರಾತಿಗಳು. ಅಲೋಕ್ ಶರ್ಮಾ ಹುಟ್ಟಿದ್ದು ಆಗ್ರಾದಲ್ಲಿ, ಸಂಸದರಾಗಿ ಆರಿಸಿ ಬಂದದ್ದು ನಮ್ಮ ರೆಡಿಂಗ್ ಪಶ್ಚಿಮದಿಂದ. ಮೂರನೆಯವರು ರಿಷಿ ಸುನಕ್. ಇವರಲ್ಲದೆ ಸಾಜಿದ್ ಜಾವಿದ್ ಪಾಕಿಸ್ತಾನದಿಂದ ಬಂದ ಬಸ್ ಡ್ರೈವರ್ ಒಬ್ಬರ ಮಗ. ಏಷ್ಯಾ ಮೂಲದವರೊಬ್ಬರು ಬ್ರಿಟನ್ನಿನ ಖಜಾನೆ ಹಿಡಿದದ್ದು ಅದೇ ಮೊದಲು.

ಹೆಮ್ಮೆಯ ಜೊತೆಗೇ ಪಟೇಲ್ ಅವರ ಹೆಸರು ಎಲ್ಲರಿಗಿಂತ ಜಾಸ್ತಿ ಟೀಕೆಗೂ ಗುರಿಯಾಯಿತು. 2017ರಲ್ಲಿ ಸರ್ಕಾರಕ್ಕೆ ತಿಳಿಸದೆ ಇಸ್ರೇಲ್ ಅಧಿಕಾರಸ್ಥರನ್ನು ಕಂಡದ್ದಕ್ಕೆ ಅವರು ರಾಜೀನಾಮೆ ಕೊಡಬೇಕಾಗಿತ್ತು. 2011ರಲ್ಲಿ ಟಿವಿ ಚರ್ಚೆಯಲ್ಲಿ ಮರಣದಂಡನೆ ಪರ ಮಾತಾಡಿದ್ದನ್ನು ಜನ ಮತ್ತೆ ಎತ್ತಿದರು. 2016ರಲ್ಲಿ ಇನ್ನೊಂದು ಮಾತು ಹೇಳಿದ್ದರು: ಒಕ್ಕೂಟ ಬಿಟ್ಟರೆ ನಮ್ಮ ಕಡೆಯ ಅಡುಗೆಯವರನ್ನು ಕರೆಸಿಕೊಳ್ಳುವುದು ಸುಲಭ, ಕರಿ ಹೋಟೆಲುಗಳು ಉಳಿಯುತ್ತವೆ ಎಂದು. ಅದನ್ನು ನಂಬಿ ಓಟು ಹಾಕಿದ ಹೋಟೆಲಿನವರಿದ್ದರು. ಹೊಸ ವೀಸಾ ನಿಯಮ ತಂದಾಗ, 2020ರ ಫೆಬ್ರವರಿಯಲ್ಲಿ, ರೇಡಿಯೋದಲ್ಲಿ ಅವರನ್ನು ಕೇಳಿದರು: ಆಗ ಈ ನಿಯಮ ಇದ್ದಿದ್ದರೆ ನಿಮ್ಮ ತಂದೆತಾಯಿ ಬರಲು ಆಗುತ್ತಿತ್ತಾ? ಆಗದೇ ಇರಬಹುದಿತ್ತು ಎಂದು ಅವರೇ ಒಪ್ಪಿಕೊಂಡರು. ನಮ್ಮ ಮೂಲದ ಹೆಸರು ಕಂಡ ತಕ್ಷಣ ನಮ್ಮ ಪರ ತೀರ್ಮಾನ ಬರುತ್ತದೆ ಅಂದುಕೊಂಡಿದ್ದ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ಸುನಕ್ ನಮ್ಮ ಬೆಂಗಳೂರಿನ ಅಳಿಯ ಅಲ್ವಾ? ಆಗ ಅವರಿಗೆ ಏನು ಕೊಟ್ಟಿದ್ರು?

ಹೌದು. ನಾರಾಯಣ ಮೂರ್ತಿ ಮತ್ತು ಸುಧಾ ಮೂರ್ತಿ ಅವರ ಮಗಳು ಅಕ್ಷತಾ ಅವರನ್ನು 2009ರಲ್ಲಿ ಬೆಂಗಳೂರಿನಲ್ಲಿ ಮದುವೆಯಾದರು. 2019ರ ಜುಲೈನಲ್ಲಿ ಹಣಕಾಸು ಇಲಾಖೆಯ ಎರಡನೇ ಸ್ಥಾನ ಕೊಟ್ಟರು. ಸಂಪುಟದ ಸಭೆಯಲ್ಲಿ ಕೂರುವ ಅವಕಾಶ ಇತ್ತು, ಪೂರ್ಣ ಸದಸ್ಯತ್ವ ಇರಲಿಲ್ಲ. ಆಗ ಇಲ್ಲಿನ ಜನ ಅವರ ಹೆಸರನ್ನು ಹೆಚ್ಚು ಕೇಳಿರಲಿಲ್ಲ. ಕನ್ನಡಿಗರ ಮನೆಗಳಲ್ಲಿ ಮಾತ್ರ ಅವತ್ತೇ ಮಾತಾಯಿತು.

ನನ್ನ ಮಗ ಅಲ್ಲಿ ಮಾಸ್ಟರ್ಸ್ ಮಾಡ್ಬೇಕು ಅಂತಿದ್ದ. ಈ ಸಂಪುಟದಿಂದ ವೀಸಾ ಬಿಗಿ ಆಯ್ತಾ, ಸಡಿಲ ಆಯ್ತಾ?

ವಿದ್ಯಾರ್ಥಿಗಳಿಗೆ ಸಡಿಲವಾಯಿತು. ಓದು ಮುಗಿದ ಮೇಲೆ ಎರಡು ವರ್ಷ ಇದ್ದು ಕೆಲಸ ಹುಡುಕುವ ವೀಸಾ ಹಿಂದೆ ಇತ್ತು. ಮೇ ಗೃಹ ಸಚಿವೆಯಾಗಿದ್ದಾಗ, 2012ರಲ್ಲಿ, ಅದನ್ನು ನಿಲ್ಲಿಸಿದರು. ಆಮೇಲೆ ಭಾರತದಿಂದ ಬರುವ ಮಕ್ಕಳ ಸಂಖ್ಯೆ ತೀರಾ ಇಳಿಯಿತು. ಜಾನ್ಸನ್ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಅದನ್ನು ವಾಪಸ್ ತರುವುದಾಗಿ ಹೇಳಿತು. ಅರ್ಜಿ ತೆಗೆದುಕೊಳ್ಳಲು ಶುರುಮಾಡಿದ್ದು 2021ರ ಜುಲೈ 1ರಿಂದ. ವಲಸೆಯನ್ನು ವರ್ಷಕ್ಕೆ ಒಂದು ಲಕ್ಷದೊಳಗೆ ಇಳಿಸುತ್ತೇವೆ ಅನ್ನುವ ಹಳೆಯ ಗುರಿಯನ್ನೂ ಅವರು ಬಿಟ್ಟರು. ಬ್ರೆಕ್ಸಿಟ್ ಪರ ಗಟ್ಟಿಯಾಗಿ ನಿಂತ ಸಂಪುಟ ಹೀಗೆ ಮಾಡೀತು ಎಂದು ನಾನು ಅಂದುಕೊಂಡಿರಲಿಲ್ಲ.

ನೀವು ಅಲ್ಲಿನ ಪ್ರಜೆ ಅಲ್ವಲ್ಲ, ನಿಮ್ಗೆ ಓಟು ಹೇಗೆ ಬಂತು?

ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಓಟು ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇದ್ದರೂ ಸರಿ. ಬ್ರೆಕ್ಸಿಟ್ ಜನಮತದಲ್ಲೂ ಹಾಗೇ. ಒಕ್ಕೂಟದ ದೇಶಗಳವರಿಗೆ ಮಾತ್ರ, ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟರೆ, ಅವತ್ತು ಓಟು ಇರಲಿಲ್ಲ. ಆ ದಿನ ಜೋರು ಮಳೆ. ಪ್ರೈಮರಿ ಶಾಲೆಯ ಹಾಲಿನಲ್ಲಿ, ದಾರ ಕಟ್ಟಿದ ಮೊಂಡು ಪೆನ್ಸಿಲಿನಿಂದ ಗುರುತು ಹಾಕಿ ಬಂದೆ. ನಾನು ಇಲ್ಲಿಗೆ ಬಂದು ಐದು ವರ್ಷ ಆಗಿತ್ತಷ್ಟೆ. 12 ವರ್ಷದಿಂದ ಇದ್ದ ಪಕ್ಕದ ಮನೆಯಾಕೆ ನನ್ನ ಮಗಳನ್ನು ನೋಡಿಕೊಂಡು ಮನೆಯಲ್ಲೇ ಇದ್ದರು.

## ಇನ್ನೂ ಆಳಕ್ಕೆ ಹೋದರೆ

ಎಲ್ಲಾ ಬಣ್ಣದೋರೂ ಇರೋ ಸಂಪುಟ ಅಂದ್ರು. ಆಮೇಲೂ ಯಾಕೆ ಬೈದ್ರು?

ಬಣ್ಣ ಬೇರೆ ಇತ್ತು, ಶಾಲೆ ಒಂದೇ ಥರ ಇತ್ತು ಅನ್ನುವುದು ಟೀಕೆಯ ತಿರುಳು. ಆ ಸಂಪುಟದ ಸುಮಾರು ಮೂರನೇ ಎರಡು ಪಾಲು ಜನ ಫೀಸು ಕೊಟ್ಟು ಓದುವ ಖಾಸಗಿ ಶಾಲೆಯವರು. ದೇಶದಲ್ಲಿ ಅಂಥ ಶಾಲೆಗೆ ಹೋಗುವವರು ಶೇ 7 ಮಾತ್ರ. ಜಾನ್ಸನ್, ರೀಸ್-ಮಾಗ್ ಇಬ್ಬರೂ ಈಟನ್ ಎಂಬ ಹೆಸರಾಂತ ಖಾಸಗಿ ಶಾಲೆಯವರು. ಸರ್ಕಾರಿ ಶಾಲೆಯಲ್ಲಿ ಓದಿ ಬ್ಯಾಂಕಿನಲ್ಲಿ ಮೇಲೆ ಬಂದ ಜಾವಿದ್ ಥರದವರೂ ಇದ್ದರು, ಅದನ್ನೂ ಹೇಳಬೇಕು.

ಅಷ್ಟು ಜನರನ್ನ ಹೊರಗೆ ಹಾಕಿ ತಮ್ಮ ಪಕ್ಷದಲ್ಲೇ ವಿರೋಧಿಗಳನ್ನ ಮಾಡ್ಕೊಂಡ್ರಾ?

ಮಾಡಿಕೊಂಡರು, ಬೇಗನೇ ಅನುಭವಿಸಿದರು. ಜಾನ್ಸನ್‌ಗೆ ಸ್ವಂತ ಬಹುಮತವೇ ಇರಲಿಲ್ಲ. ಉತ್ತರ ಐರ್ಲೆಂಡ್‌ನ ಡಿಯುಪಿ ಪಕ್ಷದ 10 ಸಂಸದರ ಬೆಂಬಲದಲ್ಲಿ ಸರ್ಕಾರ ನಿಂತಿತ್ತು. ಆಗಸ್ಟ್ 1ರ ಬ್ರೆಕನ್ ಉಪಚುನಾವಣೆ ಸೋತ ಮೇಲೆ ಅಂತರ ಒಂದೇ ಒಂದಕ್ಕೆ ಇಳಿಯಿತು.

ಸೆಪ್ಟೆಂಬರ್ 3ರಂದು ಪ್ರಧಾನಿ ಮಾತಾಡುತ್ತಿರುವಾಗಲೇ ಫಿಲಿಪ್ ಲೀ ಎಂಬ ಸಂಸದ ಎದ್ದು, ಸದನ ದಾಟಿ, ಎದುರು ಬೆಂಚಿನಲ್ಲಿ ಕೂತರು. ಅಂತರ ಹೋಯಿತು. ಅದೇ ರಾತ್ರಿ 21 ಕನ್ಸರ್ವೇಟಿವ್ ಸಂಸದರು ಸರ್ಕಾರದ ವಿರುದ್ಧ ಓಟು ಹಾಕಿದರು. ಒಪ್ಪಂದ ಇಲ್ಲದೆ ಹೊರಬರುವುದನ್ನು ತಡೆಯುವ ಕಾನೂನಿಗೆ ದಾರಿಯಾಯಿತು. 21 ಮಂದಿಯನ್ನೂ ಪಕ್ಷದ ಗುಂಪಿನಿಂದ ಹೊರಹಾಕಿದರು. ಅವರಲ್ಲಿ ಹ್ಯಾಮಂಡ್, ಗೋಕ್, ಸ್ಟುವರ್ಟ್ ಇದ್ದರು. ಚರ್ಚಿಲ್ ಮೊಮ್ಮಗ ನಿಕೊಲಸ್ ಸೋಮ್ಸ್ ಕೂಡ ಇದ್ದರು.

ಅದೇ ತಿಂಗಳುಗಳಲ್ಲಿ ಕರ್ನಾಟಕದಲ್ಲಿ 17 ಶಾಸಕರ ಅನರ್ಹತೆಯ ಜಗಳ ನಡೆದಿತ್ತು. ಹಾಗಾಗಿ ಊರಿನವರು, ಆ 21 ಜನರ ಸ್ಥಾನ ಹೋಗಲಿಲ್ವಾ ಎಂದು ಕೇಳುತ್ತಿದ್ದರು. ಇಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ಪಕ್ಷ ಬಿಟ್ಟರೂ, ವಿಪ್ ಮೀರಿದರೂ ಸಂಸದರಾಗಿಯೇ ಉಳಿಯುತ್ತಾರೆ. ನಮ್ಮ ಕಾಯ್ದೆ ಯಾಕೆ ಬಂತು ಅನ್ನುವುದು ಗೊತ್ತು. ಆದರೂ ಆ ರಾತ್ರಿ ಮಂತ್ರಿಗಿರಿಯ ಆಸೆಯಿಲ್ಲದೆ 21 ಜನ ಎದ್ದು ನಿಂತದ್ದನ್ನು ನೋಡಿದಾಗ, ಇಂಥ ಜಾಗ ನಮ್ಮ ಸದನಗಳಲ್ಲೂ ಸ್ವಲ್ಪ ಇರಬೇಕಿತ್ತು ಅನಿಸಿತು.

ಸಂಸತ್ತನ್ನೇ ಮುಚ್ಚಿದ್ರಂತಲ್ಲ, ಸಂಪುಟದಲ್ಲಿ ಯಾರೂ ಬೇಡ ಅನ್ಲಿಲ್ವಾ?

ಆಗಸ್ಟ್ 28ರಂದು ಐದು ವಾರ ಅಧಿವೇಶನ ನಿಲ್ಲಿಸುವ ತೀರ್ಮಾನ ಹೊರಬಿತ್ತು. ಸಂಪುಟದೊಳಗಿನವರು ಬಹಿರಂಗವಾಗಿ ವಿರೋಧಿಸುವ ಹಾಗಿಲ್ಲ. ತೀರ್ಮಾನ ಒಪ್ಪದಿದ್ದರೆ ರಾಜೀನಾಮೆ ಕೊಡಬೇಕು, ಕೊಡದಿದ್ದರೆ ಸಮರ್ಥಿಸಬೇಕು. ಇದಕ್ಕೆ ಸಾಮೂಹಿಕ ಹೊಣೆ ಅನ್ನುತ್ತಾರೆ. ಸೆಪ್ಟೆಂಬರ್ 5ಕ್ಕೆ ಪ್ರಧಾನಿಯ ಸ್ವಂತ ತಮ್ಮ ಜೋ ಜಾನ್ಸನ್ ಮಂತ್ರಿಗಿರಿ ಬಿಟ್ಟರು. ಮನೆಯ ಮೇಲಿನ ನಿಷ್ಠೆ ಮತ್ತು ದೇಶದ ಹಿತದ ನಡುವೆ ಸಿಕ್ಕಿಕೊಂಡಿದ್ದೆ ಎಂದರು. ಎರಡು ದಿನಕ್ಕೆ ಆಂಬರ್ ರಡ್ ಹೋದರು. 21 ಜನರನ್ನು ಹೊರಹಾಕಿದ್ದನ್ನು ಅವರು ಸಹಿಸಲಿಲ್ಲ.

ಆ ಆಗಸ್ಟ್ ಕೊನೆಗೆ ಚಿಕ್ಕಪ್ಪ, ಚಿಕ್ಕಮ್ಮ ನಮ್ಮ ಮನೆಗೆ ಬಂದಿದ್ದರು. 31ನೇ ತಾರೀಖು ಶನಿವಾರ ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ತೋರಿಸಲು ಕರೆದುಕೊಂಡು ಹೋದೆ. ಚಿಕ್ಕಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಸೇತುವೆ ದಾಟಿ ಸಂಸತ್ತಿನ ಕಡೆ ನಡೆದರೆ ರಸ್ತೆ ತುಂಬ ಜನ. ಅಧಿವೇಶನ ನಿಲ್ಲಿಸಿದ್ದರ ವಿರುದ್ಧ ಅವತ್ತು ದೇಶದ ಹಲವು ಊರುಗಳಲ್ಲಿ ಪ್ರತಿಭಟನೆ. ಮುದುಕಿಯೊಬ್ಬರು ಗಾಲಿಕುರ್ಚಿಯಲ್ಲಿ ಕೂತು ಸ್ಟೀಲ್ ಪಾತ್ರೆಗೆ ಚಮಚದಿಂದ ಬಡಿಯುತ್ತಿದ್ದರು. ಚಿಕ್ಕಪ್ಪ ತುಂಬಾ ಹೊತ್ತು ನಿಂತು ನೋಡಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಆ ಕ್ರಮ ಕಾನೂನುಬಾಹಿರ ಎಂದಾಗ ಅವರೇ ಹಾಸನದಿಂದ ಫೋನ್ ಮಾಡಿದರು.

ಡಾಮಿನಿಕ್ ಕಮಿಂಗ್ಸ್ ಮಂತ್ರಿನೇ ಅಲ್ಲ. ಅವರ ಬಗ್ಗೆ ಯಾಕೆ ಅಷ್ಟು ಮಾತು?

ಪ್ರಧಾನಿಯ ಮುಖ್ಯ ಸಲಹೆಗಾರರಾಗಿ ಬಂದರು. 2016ರಲ್ಲಿ ಬ್ರೆಕ್ಸಿಟ್ ಪರ ಪ್ರಚಾರ ನಡೆಸಿದ್ದ ಮುಖ್ಯ ತಲೆ ಅವರದ್ದು. ಸಂಸದೀಯ ಸಮಿತಿ ಕರೆದಾಗ ಹೋಗದೆ, 2019ರಲ್ಲಿ ಸದನದ ನಿಂದನೆ ಮಾಡಿದ ತಪ್ಪಿಗೆ ಛೀಮಾರಿ ಹಾಕಿಸಿಕೊಂಡಿದ್ದರು. ಯಾರೂ ಆರಿಸದ ಒಬ್ಬರ ಕೈಗೆ ಇಷ್ಟು ಅಧಿಕಾರವಾ ಎಂದು ಜನ ಕೇಳಿದ್ದು ಸರಿಯಾಗಿತ್ತು. 2020ರ ಫೆಬ್ರವರಿ 13ರಂದು, ನಿಮ್ಮ ಸಲಹೆಗಾರರನ್ನೆಲ್ಲ ತೆಗೆಯಿರಿ ಎಂದು ಜಾನ್ಸನ್ ಹೇಳಿದಾಗ ಜಾವಿದ್ ಒಪ್ಪದೆ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಬಂದವರು ಸುನಕ್.

ಕೊನೆಗೆ ಯಾರ ಮಾತು ನಿಜ ಆಯ್ತು?

ಅಕ್ಟೋಬರ್ 31ಕ್ಕೆ ಹೊರಬರಲಿಲ್ಲ. ಒಪ್ಪಂದ ಇಲ್ಲದೆಯೂ ಹೊರಬರಲಿಲ್ಲ. ಅಕ್ಟೋಬರ್ 17ಕ್ಕೆ ಹೊಸ ಒಪ್ಪಂದವಾಯಿತು. ಐರ್ಲೆಂಡ್ ಗಡಿಯ ತಪಾಸಣೆಯನ್ನು, ಉತ್ತರ ಐರ್ಲೆಂಡ್ ಮತ್ತು ಬ್ರಿಟನ್ನಿನ ಉಳಿದ ಭಾಗದ ನಡುವಿನ ಸಮುದ್ರಕ್ಕೆ ತಳ್ಳಿದರು. ತಮ್ಮನ್ನೇ ಬಲಿಕೊಟ್ಟರು ಎಂದು ಡಿಯುಪಿ ಮುನಿಸಿಕೊಂಡಿತು. ಡಿಸೆಂಬರ್ 12ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 365 ಸ್ಥಾನ ಗೆದ್ದಿತು, 80ರ ಬಹುಮತ. 2020ರ ಜನವರಿ 31ರ ರಾತ್ರಿ 11 ಗಂಟೆಗೆ ಬ್ರಿಟನ್ ಹೊರಬಂತು. ಖುಷಿಪಟ್ಟವರು, ನಾವು ಹೇಳಿರಲಿಲ್ವಾ ಎಂದರು. ಭಯಪಟ್ಟವರು, ನಾವು ತಡೆದಿದ್ದಕ್ಕೇ ಒಪ್ಪಂದವಾದರೂ ಆಯಿತು ಎಂದರು. ಎರಡನೆಯವರ ಮಾತಿನಲ್ಲಿ ಹುರುಳು ಜಾಸ್ತಿ ಇದೆ ಎಂದು ನನಗನಿಸುತ್ತದೆ. ಚುನಾವಣೆಯಲ್ಲಿ ಸೋತವರೂ ಅವರೇ.

ಆ ಸಂಪುಟದಲ್ಲಿ ಕೂತಿದ್ದೋರು ಆಮೇಲೆ ಏನಾದ್ರು?

2022ರ ಜುಲೈ 5ರ ಸಂಜೆ ಜಾವಿದ್ ಮತ್ತು ಸುನಕ್ ಕೆಲವೇ ನಿಮಿಷಗಳ ಅಂತರದಲ್ಲಿ ರಾಜೀನಾಮೆ ಕೊಟ್ಟರು. ಜಾವಿದ್ ಆಗ ಆರೋಗ್ಯ ಸಚಿವರಾಗಿ ವಾಪಸ್ ಬಂದಿದ್ದರು. ಎರಡೇ ದಿನದಲ್ಲಿ ಜಾನ್ಸನ್ ತಾವೂ ಇಳಿಯುವುದಾಗಿ ಹೇಳಿದರು. ಲಿಜ್ ಟ್ರಸ್ ಬಂದು 49 ದಿನ ಪ್ರಧಾನಿಯಾಗಿದ್ದರು. ಅವರನ್ನೂ ಆರಿಸಿದ್ದು ಪಕ್ಷದ ಸದಸ್ಯರೇ. ಅಕ್ಟೋಬರ್ 25ಕ್ಕೆ ಸುನಕ್ ಪ್ರಧಾನಿಯಾದರು. ಅವರಿಗೆ ಎದುರಾಳಿಯೇ ಉಳಿಯಲಿಲ್ಲ, ಹಾಗಾಗಿ ಪಕ್ಷದ ಸದಸ್ಯರೂ ಓಟು ಹಾಕಲಿಲ್ಲ. ಅವತ್ತು ದೀಪಾವಳಿಯ ಮರುದಿನ. ಪಕ್ಕದ ಮನೆಯಾಕೆ ನಮ್ಮ ಮನೆಗೆ ಬಂದು ಚಕ್ಕುಲಿ ತಿನ್ನುತ್ತಾ, 'ಈ ಸಲವೂ ನಮ್ಮನ್ನು ಯಾರೂ ಕೇಳಲಿಲ್ಲ ನೋಡು' ಎಂದರು. ಅಷ್ಟು ಹೊತ್ತಿಗೆ ಅವರಿಗೂ ಬ್ರಿಟಿಷ್ ಪಾಸ್‌ಪೋರ್ಟ್ ಬಂದಿತ್ತು.